ಕಡಿಯದೆ ಬಿಟ್ಟ ಓಕ್ ಗುಂಪು

ನಾನು ಮರ ಕಡಿಯುತ್ತಿದ್ದವನು. ಹೇಳಿಕೊಳ್ಳಲು ಅಂದೂ ನಾಚಿಕೆ ಇರಲಿಲ್ಲ, ಇಂದೂ ಇಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಮನೆಯವರು ಬಿಡಿಸಿದರು ಎಂದು ಸುಳ್ಳು ಹೇಳುವುದಿಲ್ಲ, ನಾನೇ ಬಿಟ್ಟೆ. ಬೆಂಚಿನ ಮೇಲೆ ಕೂರುವುದಕ್ಕಿಂತ ಕೊಡಲಿ ಹಿಡಿಯುವುದು ನನ್ನ ಕೈಗೆ ಒಗ್ಗಿತ್ತು. ಹಳಿಯಾಳದ ಕಡೆಯ ಸಾಗುವಾನಿ ಪ್ಲಾಂಟೇಷನ್ನುಗಳಲ್ಲಿ ಥಿನ್ನಿಂಗ್ ಗ್ಯಾಂಗು ಎಂದು ಇರುತ್ತಿತ್ತು. ಒತ್ತೊತ್ತಾಗಿ ನೆಟ್ಟ ಸಸಿಗಳು ಬೆಳೆದು ಒಂದರ ತಲೆ ಇನ್ನೊಂದಕ್ಕೆ ತಾಗುವ ಹೊತ್ತಿಗೆ ನಮ್ಮನ್ನು ಕಳಿಸುತ್ತಿದ್ದರು. ಸೊಟ್ಟದ್ದು, ಕವಲೊಡೆದದ್ದು, ಸೊರಗಿದ್ದು ಕಡಿಯಬೇಕು. ನೆಟ್ಟಗಿರುವುದಕ್ಕೆ ಜಾಗ ಮಾಡಿಕೊಡಬೇಕು. ಮೊದಲು ಕಡಿಯುವವನಾಗಿದ್ದೆ, ಆಮೇಲೆ ಯಾವುದನ್ನು ಕಡಿಯಬೇಕೆಂದು ಕಾಂಡಕ್ಕೆ ಗುರುತು ಹಾಕುವವನಾದೆ. ನನ್ನ ಗುರುತು ಬಿದ್ದ ಮರ ಸಂಜೆಯೊಳಗೆ ನೆಲಕ್ಕೆ. ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಅಧಿಕಾರ ಯಾವುದಿತ್ತು?

ಒಮ್ಮೆ ಮಾತ್ರ ಫಾರೆಸ್ಟರ್ ಸಾಹೇಬರನ್ನು ಕೇಳಿದ್ದೆ. "ಸಾಹೇಬ್ರ, ಕಡೀದ ಬಿಟ್ರ ಏನ್ ಆಕ್ಕೈತ್ರಿ?"

"ಯಾರ ಬಿಟ್ಟು ನೋಡ್ಯಾರಲೇ? ನೀ ಕಡಿ," ಅಂದರು.

ಅದು ನಿಜವಾಗಿತ್ತು. ಯಾರೂ ಬಿಟ್ಟು ನೋಡಿರಲಿಲ್ಲ. ವರ್ಷಗಟ್ಟಲೆ ಗುರುತು ಹಾಕಿದೆ. ನನ್ನ ಗುರುತು ಸರಿಯೋ ತಪ್ಪೋ ಎಂದು ತೋರಿಸಲು ಒಂದು ಮರವೂ ಉಳಿಯಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾವು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ನನ್ನ ಹೆಂಡತಿಯಿಂದ. ಅವಳು ನರ್ಸು. ಅಮೆರಿಕದ ಆಸ್ಪತ್ರೆಯೊಂದು ಅವಳನ್ನು ಕರೆಯಿತು, ಅವಳ ಬೆನ್ನಿಗೆ ನಾನೂ ಬಂದೆ. ಲಿವರ್‌ಮೋರಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಅವಳು ಡ್ಯೂಟಿಗೆ ಹೋದರೆ ನಾನು ರೊಟ್ಟಿ ಬಡಿಯುತ್ತಿದ್ದೆ. ಜೋಳದ ಹಿಟ್ಟು ಸಿಗದೆ ಬೇರೆ ಯಾವುದೋ ಹಿಟ್ಟಿನಲ್ಲಿ ಬಡಿದು, ಅದು ಮುರಿದು, ಬೈದುಕೊಂಡು ತಿನ್ನುತ್ತಿದ್ದೆವು. ಆಗ ನನ್ನ ಇಂಗ್ಲಿಷು ಮೂರು ಕಾಲಿನ ಕುದುರೆ. ಆದರೂ ಓಡಿಸುತ್ತಿದ್ದೆ. ಅವಳ ವಾರ್ಡಿನ ಇನ್ನೊಬ್ಬ ನರ್ಸಿನ ಅಕ್ಕ ಓಕ್ ಕಾಡುಗಳ ಸಂಶೋಧಕಿ. ಕಡಿದಾದ ಗುಡ್ಡಗಳಲ್ಲಿ ಟೇಪು ಎಳೆಯಲು, ಮರ ಎಣಿಸಲು ಗಟ್ಟಿ ಕಾಲಿನವರು ಬೇಕು ಎಂದರು. ಹೋದೆ. ಅವರನ್ನು ನಾನು ಮೇಡಂ ಎಂದು ಕರೆದೆ, ಕೊನೆಯವರೆಗೂ ಮೇಡಂ ಎಂದೇ ಕರೆದೆ.

ಮೇಡಂಗೆ ತಿಳಿಯಬೇಕಾಗಿದ್ದದ್ದು ಇಷ್ಟು. ಮನುಷ್ಯ ಕೈ ಹಾಕದ ಓಕ್ ಕಾಡಿನಲ್ಲಿ ಎಕರೆಗೆ ಎಷ್ಟು ಮರ ಇರಬಲ್ಲವು? ಮರಗಳು ದಪ್ಪವಾದಂತೆ ಆ ಸಂಖ್ಯೆ ಯಾವ ಲೆಕ್ಕದಲ್ಲಿ ಇಳಿಯುತ್ತದೆ? ಎಳೆಯ ಗುಂಪಿನಲ್ಲಿ ಸಾವಿರ ಇದ್ದರೂ ಹಳೆಯ ಕಾಡಿನಲ್ಲಿ ಕೆಲವೇ ಉಳಿಯುತ್ತವೆ. ನಡುವೆ ಹೋದವು ಕೊಡಲಿಯಿಂದ ಹೋದವಲ್ಲ. ಬೆಳಕಿಗೂ ನೀರಿಗೂ ಒಂದರೊಡನೊಂದು ಪೈಪೋಟಿ ಮಾಡಿ ತಾವೇ ಸತ್ತವು. ಕಾಡು ತನ್ನನ್ನು ತಾನೇ ತೆಳುಮಾಡಿಕೊಳ್ಳುತ್ತದೆ ಎಂದು ಮೇಡಂ ಹೇಳಿದ ದಿನ ನನಗೆ ಸಿಟ್ಟು ಬಂತು. ಹಾಗಾದರೆ ಅಷ್ಟು ವರ್ಷ ನಾನು ಮಾಡಿದ್ದು ಏನು?

ಅವರ ಹಾಳೆಯಲ್ಲಿ ಅಡ್ಡಕ್ಕೆ ಮರಗಳ ಸರಾಸರಿ ದಪ್ಪ, ಉದ್ದಕ್ಕೆ ಎಕರೆಗೆ ಎಷ್ಟು ಮರ ಎಂಬ ಎಣಿಕೆ. ನಾವು ಹಗ್ಗ ಕಟ್ಟಿ ಅಳೆದ ಒಂದೊಂದು ತುಂಡು ಕಾಡಿಗೆ ಒಂದೊಂದು ಚುಕ್ಕೆ. ಎಳೆಯ ಗುಂಪಿನ ಚುಕ್ಕೆಗಳು ಎಡಕ್ಕೆ ಮೇಲೆ, ಹಳೆಯ ಕಾಡಿನವು ಬಲಕ್ಕೆ ಕೆಳಗೆ. ಮೇಡಂ ಅವುಗಳ ಮೇಲಂಚಿಗೆ ಸ್ಕೇಲು ಇಟ್ಟು ಇಳಿಜಾರಾದ ಗೆರೆ ಎಳೆದರು. ಯಾವ ಗುಂಪೂ ಈ ಗೆರೆಯನ್ನು ದಾಟಿ ಹೆಚ್ಚು ದಿನ ಇರಲಾರದು, ಮುಟ್ಟಿದ ಮೇಲೆ ಸಾಯುತ್ತಾ ಸಾಯುತ್ತಾ ಗೆರೆಗುಂಟ ಇಳಿಯಬೇಕು, ಇದೇ ಮಾದರಿ ಅಂದರು.

ನಾನು ಸುಮ್ಮನಿರಲಿಲ್ಲ. "ಮೇಡಂ, ಇದು ಬೇರೆ ಬೇರೆ ಗುಡ್ಡದ ಕಾಡು. ಒಬ್ಬ ಹುಡುಗನ ಫೋಟೋ, ಇನ್ಯಾರದೋ ಪ್ರಾಯದ ಫೋಟೋ, ಮತ್ಯಾರದೋ ಮುಪ್ಪಿನ ಫೋಟೋ ಸಾಲಾಗಿ ಇಟ್ಟು ಇದು ಒಬ್ಬನ ಬದುಕು ಅಂದಂತೆ ಆಯಿತು," ಎಂದು ನನ್ನ ಮೂರು ಕಾಲಿನ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ನಕ್ಕರು. "ಈ ಆಕ್ಷೇಪಣೆ ಬಹಳ ಹಳೆಯದು. ಅದಕ್ಕೇ ಪ್ರತಿ ಮರಕ್ಕೂ ತಗಡಿನ ನಂಬರು ಹೊಡೆಸಿದ್ದು. ಐದು ವರ್ಷ ಬಿಟ್ಟು ಅದೇ ಮರಗಳನ್ನು ಮತ್ತೆ ಎಣಿಸೋಣ. ಚುಕ್ಕೆ ನಿಜವಾಗಿ ಎತ್ತ ಹೋಗುತ್ತದೆ ನೋಡೋಣ."

ನನ್ನ ಪ್ರಶ್ನೆಯನ್ನು ಅವರು ನನಗಿಂತ ಮೊದಲೇ ಕೇಳಿಕೊಂಡಿದ್ದರು. ಅಂದಿನಿಂದ ಆ ಎರಡನೆಯ ಎಣಿಕೆ ನನ್ನದೂ ಆಯಿತು. ಫಾರೆಸ್ಟರ್ ಸಾಹೇಬರು ಉತ್ತರ ಕೊಡದೆ ಬಿಟ್ಟದ್ದಕ್ಕೆ ಅಲ್ಲಿ ಉತ್ತರ ಸಿಗಬೇಕಿತ್ತು.

ನಮ್ಮ ತುಂಡುಗಳಲ್ಲಿ ಎಲ್ಲಕ್ಕಿಂತ ದಟ್ಟವಾದದ್ದು ಲಿವರ್‌ಮೋರಿನ ದಕ್ಷಿಣಕ್ಕೆ ಒಂದು ರಾಂಚಿನಲ್ಲಿ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನಲ್ಲಿ ಇತ್ತು. ಬೇಸಿಗೆಯಲ್ಲಿ ಸುತ್ತಲ ಗುಡ್ಡವೆಲ್ಲ ಒಣಹುಲ್ಲಿನಿಂದ ಸಿಂಹದ ಮೈ ಹಾಗೆ ಹಳದಿಯಾದಾಗ, ಒಂದು ಮಗ್ಗುಲಲ್ಲಿ ಮಾತ್ರ ತೋಳು ತೂರಿಸಲಾಗದಷ್ಟು ಒತ್ತಾದ ಎಳೆಯ ಓಕ್ ಗುಂಪು. ಅದರೊಳಗೆ ನಂಬರು ಹೊಡೆಯುವಾಗ ಪಾಯಿಸನ್ ಓಕ್ ಎಂಬ ಬಳ್ಳಿಯಂಥ ಗಿಡ ತಾಗಿ ನನ್ನ ಮೈಯೆಲ್ಲ ಬೊಬ್ಬೆ ಎದ್ದಿತ್ತು. ಹೆಸರಿಗೆ ಓಕ್, ಓಕ್ ಜಾತಿಯೇ ಅಲ್ಲ. "ಮರ ಎಣಿಸಾಕ ಹೋಗಿ ಹಾವಿನಂಗ ಪೊರಿ ಬಿಡಾಕತ್ತೀರಿ," ಎಂದು ಹೆಂಡತಿ ಔಷಧ ಹಚ್ಚುತ್ತಾ ನಗುತ್ತಿದ್ದಳು. ಅಷ್ಟು ತುರಿಸಿಕೊಂಡು ನಂಬರು ಹೊಡೆದ ಗುಂಪು ಅದು.

ಆ ರಾಂಚಿನ ಮಾಲೀಕರನ್ನು ನಾನು ಮನಸ್ಸಿನಲ್ಲೇ ಗೌಡರು ಎಂದು ಕರೆಯುತ್ತಿದ್ದೆ. ಅರವತ್ತು ದಾಟಿದ ಬಿಳಿಯರು, ತಲೆಯ ಮೇಲೆ ಬೆವರಿನ ಪಟ್ಟೆ ಬಿದ್ದ ಹ್ಯಾಟು, ಪಿಕಪ್ ಟ್ರಕ್ಕಿನ ಕಿಟಕಿಯಿಂದ ಹೊರಗೇ ಇರುವ ಮೊಣಕೈ. ಅವರು ಆಡುತ್ತಿದ್ದದ್ದು ಇಂಗ್ಲಿಷೇ ಆದರೂ ನನ್ನ ಕಿವಿಗೆ ನಮ್ಮ ಕಡೆಯ ಗೌಡರ ಮಾತಿನಂತೆಯೇ ಕೇಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ಮೊದಲ ಎಣಿಕೆ ಮುಗಿದ ವರ್ಷವೇ ಗೌಡರು ಬಂದು ಹೇಳಿದರು. "ಈ ಗುಂಪು ತೆಗಸ್ತೀನಿ. ಇದರ ಬುಡಕ ಒಂದು ಎಸಳು ಹುಲ್ಲು ಬರಂಗಿಲ್ಲ. ನನ್ನ ದನ ಏನು ನಿಮ್ಮ ನಂಬರ್ ತಿಂತಾವೇನು?"

ಭೂಮಿ ಅವರದು. ಮೇಡಂಗೆ ಇದ್ದದ್ದು ಬಾಯಿಮಾತಿನ ಅನುಮತಿ ಮಾತ್ರ. ಮೇಡಂ ಮುಖ ಸಣ್ಣದು ಮಾಡಿಕೊಂಡರೂ ವಾದಿಸಲಿಲ್ಲ. ಬೇರೆ ತುಂಡುಗಳಿವೆ, ಇದೊಂದು ಹೋದರೂ ಮಾದರಿ ನಿಲ್ಲುತ್ತದೆ ಎಂದರು. ನಿಲ್ಲುತ್ತಿತ್ತೋ ಏನೋ. ಆದರೆ ಗೆರೆಗೆ ತೀರಾ ಹತ್ತಿರ ಇದ್ದದ್ದು ಆ ಗುಂಪು ಒಂದೇ. ಸಾಯಲು ಶುರುಮಾಡಬೇಕಾದದ್ದು ಅಲ್ಲಿಯೇ. ಅದನ್ನೇ ಕಡಿದರೆ ಮತ್ತೆ ಹಳಿಯಾಳದ ಕಥೆಯೇ: ಕಡಿದದ್ದಾಯಿತು, ಕಡಿಯದಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಇಷ್ಟು ದೂರ ಬಂದು ಅದೇ ಉತ್ತರ ತಿನ್ನಲು ನಾನು ತಯಾರಿರಲಿಲ್ಲ.

ಗೌಡರು ನನ್ನತ್ತ ತಿರುಗಿದರು. "ನಿಮ್ಮೂರಾಗ ಇದ ಕೆಲಸ ಮಾಡ್ತಿದ್ದಿ ಅಂತಲ್ಲ? ನೀನ ಕಡದುಕೊಡು."

"ಆಗಂಗಿಲ್ಲ," ಅಂದೆ.

ಮೇಡಂ ನನ್ನ ತೋಳು ಮುಟ್ಟಿ ಬೇಡ ಎಂದು ಸನ್ನೆ ಮಾಡಿದರು. ನಾನು ನಿಲ್ಲಿಸಲಿಲ್ಲ. ಅವರು ಟೇಪು ಎತ್ತಿಕೊಂಡು ಗುಡ್ಡ ಇಳಿದು ಹೋದರು.

"ಎಲ್ಲಾ ತೆಗಿಯಂಗಿಲ್ಲೋ," ಎಂದರು ಗೌಡರು. "ಹೆಂಗೂ ಸಾಯೋವನ್ನ ಅಷ್ಟ ತೆಗಿತೀನಿ. ಅದರಾಗ ನಿನಗೇನು ನಷ್ಟ?"

"ಯಾವ ಸಾಯ್ತಾವ ಅಂತ ನಿಮಗ ಗೊತ್ತೇನು?"

"ಹುಟ್ಟಿದಾಗಿಂದ ಈ ಮರ ನೋಡೇನಿ. ನಿನಗ ಗೊತ್ತೇನು?"

"ಕಣ್ಣು ಮುಚ್ಚಿ ಹೇಳ್ತೀನಿ."

"ಹಂಗಾರ ಹೇಳು!"

ಪಂತ ಹುಟ್ಟಿದ್ದು ಹೀಗೆ. ಇಬ್ಬರೂ ಸಾಯುವ ಮರಗಳನ್ನು ಆರಿಸಬೇಕು. ನನ್ನವಕ್ಕೆ ಕೆಂಪು ವೈರು, ಅವರವಕ್ಕೆ ನೀಲಿ ವೈರು, ಬುಡದಲ್ಲಿ ಸಡಿಲವಾಗಿ. ಎರಡನೆಯ ಎಣಿಕೆಯವರೆಗೆ ಯಾರೂ ಗರಗಸ ತರುವಂತಿಲ್ಲ. ಯಾರ ಬಣ್ಣದಲ್ಲಿ ಹೆಚ್ಚು ಸತ್ತಿವೆಯೋ ಅವರು ಗೆದ್ದಂತೆ. ಗೌಡರು ಗೆದ್ದರೆ ಗುಂಪು ತೆಗೆಸಬಹುದು, ನಾನು ಗೆದ್ದರೆ ಅದನ್ನು ಮುಟ್ಟುವಂತಿಲ್ಲ. ನನಗೆ ಗೆಲ್ಲುವ ಆಸೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು, ಪಂತ ಒಪ್ಪಿದ ಗಳಿಗೆಯಲ್ಲೇ ಗುಂಪಿಗೆ ಐದು ವರ್ಷ ಸಿಕ್ಕಿತ್ತು. ಗೌಡರೂ ಪೆದ್ದರಲ್ಲ, ಅದು ಅವರಿಗೂ ಹೊಳೆಯಿತು. "ಹುಲ್ಲು ಇಲ್ಲದ ಐದು ವರ್ಷ ನಾ ಪುಕ್ಕಟೆ ಕೊಡಂಗಿಲ್ಲ. ಪ್ರತಿ ವಸಂತಕ್ಕ ಬಂದು ನನ್ನ ಬೇಲಿ ನೆಟ್ಟಗ ಮಾಡು," ಅಂದರು. ಒಪ್ಪಿದೆ.

ನಾನು ಸಾಗುವಾನಿಯ ಕಣ್ಣಿನಿಂದ ಆರಿಸಿದೆ. ಸೊಟ್ಟದ್ದು, ಒಂದು ಕಡೆ ವಾಲಿದ್ದು, ಕವಲೊಡೆದದ್ದು, ಎಲ್ಲಕ್ಕೂ ಕೆಂಪು. ಗೌಡರು ಸಣ್ಣಗಿದ್ದವಕ್ಕೆಲ್ಲ ನೀಲಿ ಕಟ್ಟಿದರು, ಸೊರಗಿದ ಕರು ಆರಿಸಿ ತೆಗೆದ ಹಾಗೆ.

ಮಾರನೆಯ ದಿನ ಮೇಡಂ ವೈರುಗಳನ್ನು ನೋಡಿ ಕೆಂಡವಾದರು. "ನನ್ನ ತುಂಡಿನಲ್ಲಿ ಜೂಜು ಆಡಿದ್ದೀರಿ! ಪಂತ ಕಟ್ಟಿದವನು ಎರಡನೇ ಸಲ ಎಣಿಸುವಾಗ ಕೆಂಪು ವೈರಿನ ಮರ ಉಸಿರಾಡುತ್ತಿದ್ದರೂ ಸತ್ತಿದೆ ಅಂತ ಬರೆಯುತ್ತಾನೆ."

"ನಾನು ಸುಳ್ಳು ಬರೆಯುವವನಲ್ಲ," ಅಂದೆ.

"ಸುಳ್ಳು ಬೇಕಾಗಿಲ್ಲ. ಆಸೆ ಸಾಕು."

ವೈರು ಬಿಚ್ಚಲು ಮಾತ್ರ ನಾನು ಒಪ್ಪಲಿಲ್ಲ. ಕೊನೆಗೆ ಅವರೇ ಷರತ್ತು ಹಾಕಿದರು. ಈ ತುಂಡಿನಲ್ಲಿ ಎರಡನೆಯ ಸಲ ನಾನು ಟೇಪು ಹಿಡಿಯಬಹುದು, ಜೀವ ಇದೆಯೋ ಇಲ್ಲವೋ ಎಂದು ಹೇಳುವಂತಿಲ್ಲ. ತೊಗಟೆ ಕೆರೆದು ಹಸಿರು ನೋಡುವುದು ಮೇಡಂ ಒಬ್ಬರೇ.

ಹೀಗೆ ನನ್ನ ವಸಂತದ ಭಾನುವಾರಗಳು ಗೌಡರ ಮುಳ್ಳುತಂತಿಗೆ ಹೋದವು. ಹೆಂಡತಿಗೆ ವಾರಕ್ಕೆ ಸಿಗುತ್ತಿದ್ದ ರಜೆಯೂ ಭಾನುವಾರವೇ.

"ರೀ, ಆ ಮುದುಕನ ಬ್ಯಾಲಿ ನಿಮಗ್ಯಾಕ್ರಿ? ಮರ ಸಾಯ್ತಾವೋ ಬದುಕ್ತಾವೋ, ಅವು ನಿಮಗ ಕಾಗದ ಬರದಾವೇನು?"

"ನೋಡಬೇಕು ನಾ."

"ಏನ ನೋಡ್ತೀರಿ?"

"ಯಾರೂ ಕೈ ಹಚ್ಚದಿದ್ರ ಏನಾಕ್ಕೈತಿ ಅಂತ."

"ಮನ್ಯಾಗ ಸಿಂಕ್ ನೋಡ್ರಿ," ಎಂದಳು. "ವಾರದಿಂದ ಯಾರೂ ಕೈ ಹಚ್ಚಿಲ್ಲ."

ಬೈದಳು, ಆದರೆ ಬುತ್ತಿ ಕಟ್ಟುವುದು ಬಿಡಲಿಲ್ಲ. ಕೆಲವು ಭಾನುವಾರ ತಾನೂ ಬಂದು ಬೇಲಿಗುಂಟ ನಡೆದಳು. ತಂತಿ ಬಿಗಿಯುವಾಗ ನನ್ನ ಕೈ ಹರಿದರೆ ಗೌಡರ ಎದುರೇ ಪಟ್ಟಿ ಕಟ್ಟಿ, "ಇವರಿಗೆ ಟೆಟನಸ್ ಚುಚ್ಚುಮದ್ದು ಆಗಿದೆ, ನಿಮ್ಮ ತಂತಿಗೆ ಆಗಿರಲಿಕ್ಕಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ಅವರನ್ನೂ ನಗಿಸುತ್ತಿದ್ದಳು.

ಯುಗಾದಿಗೋ ದೀಪಾವಳಿಗೋ ಸ್ಯಾನ್ ರಮೋನಿನಲ್ಲಿ ಮೈಸೂರಿನ ಎಂಜಿನಿಯರೊಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದರು. ಅಲ್ಲಿ ನನ್ನ ಪಂತ ಒಳ್ಳೆಯ ಉಪ್ಪಿನಕಾಯಿ ಆಗಿತ್ತು.

"ಏನ್ ಸಾರ್, ಯಮಧರ್ಮರಾಯನ ಆಫೀಸು ಹೇಗೆ ನಡೀತಾ ಇದೆ? ಯಾವ್ದಾದ್ರೂ ಟಿಕೆಟ್ ತಗೊಂಡ್ತಾ?" ಎಂದು ಮನೆಯ ಯಜಮಾನರೇ ಶುರುಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಬಾಯಿ ಸುಮ್ಮನಿರದು.

"ಅವು ನಿಂತೇ ಸಾಯ್ತಾವ್ರಿ. ನಿಮ್ಮಂಗ ಮೀಟಿಂಗಿನ್ಯಾಗ ಕುಂತಲ್ಲೆ ಅಲ್ಲ," ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಮೇಡಂ ಬಳಸುತ್ತಿದ್ದ ಗ್ರಾಫ್ ಹಾಳೆಯ ಗುಟ್ಟು ತಿಳಿಸಿಕೊಟ್ಟವರೂ ಅವರೇ. ಅದರ ಮನೆಗಳು ಸಮನಾಗಿರಲಿಲ್ಲ, ಅದು ನನಗೆ ಬಗೆಹರಿದಿರಲಿಲ್ಲ. ಅವರು ಪೇಪರ್ ಪ್ಲೇಟಿನ ಮೇಲೆ ಗೆರೆ ಎಳೆದು ತೋರಿಸಿದರು. "ನೋಡಿ, ಇದು ಲಾಗ್ ಸ್ಕೇಲು. ಒಂದರಿಂದ ಹತ್ತಕ್ಕೆ ಎಷ್ಟು ದೂರಾನೋ, ಹತ್ತರಿಂದ ನೂರಕ್ಕೂ ಅಷ್ಟೇ, ನೂರರಿಂದ ಸಾವಿರಕ್ಕೂ ಅಷ್ಟೇ."

"ಅಂದ್ರ ಸಾವಿರ ಹೋಗಿ ನೂರು ಉಳಿದ್ರೂ ಒಂದ ಗೇಣು, ಹತ್ತು ಹೋಗಿ ಒಂದು ಉಳಿದ್ರೂ ಅದ ಗೇಣು?"

"ಕರೆಕ್ಟು. ಎಷ್ಟು ಹೋಯ್ತು ಅನ್ನೋದಲ್ಲ, ಎಷ್ಟರಲ್ಲಿ ಎಷ್ಟು ಹೋಯ್ತು ಅನ್ನೋದು."

ಚೆನ್ನಾಗಿ ಹೇಳಿಕೊಟ್ಟರು, ಅರ್ಥವಾಯಿತು. ಅರ್ಥವಾದಷ್ಟೂ ಕಿರಿಕಿರಿಯಾಯಿತು. ಒಂಬೈನೂರು ಮರಗಳ ಸಾವಿಗೆ ಆ ಹಾಳೆಯಲ್ಲಿ ಒಂದು ಗೇಣು ಜಾಗ. ಗೆರೆ ಸರಿಯಿರಬಹುದು. ಆದರೆ ಅದು ಎಷ್ಟು ಸಾಯುತ್ತವೆ ಎಂದು ಹೇಳುತ್ತದೆ, ಯಾವುದು ಎಂದು ಹೇಳುವುದಿಲ್ಲ.

ಇನ್ನೊಬ್ಬರು ಸುಮ್ಮನೆ ಬಿಡಲಿಲ್ಲ. "ಅದು ನೇಚರ್ ಲಾ ಸಾರ್. ವೀಕ್ ಆಗಿರೋದು ಹೋಗುತ್ತೆ, ಕೆಪ್ಯಾಸಿಟಿ ಇರೋದು ಮೇಲೆ ಬರುತ್ತೆ. ನಮ್ಮನ್ನೇ ನೋಡಿ, ಎಷ್ಟು ಜನ ಎಕ್ಸಾಮ್ ಬರೆದ್ರು, ಎಷ್ಟು ಜನ ಇಲ್ಲಿಗೆ ಬಂದ್ವಿ!"

ಪರೀಕ್ಷೆಯನ್ನೇ ಬರೆಯದವನು ಅಲ್ಲಿ ಒಬ್ಬ ಕೂತಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನ ಹೆಂಡತಿ ತಟ್ಟೆ ಕೆಳಗಿಟ್ಟಳು.

"ನಾನೂ ಇಲ್ಲೇ ಅದೀನ್ರಲ್ಲ," ಅಂದೆ. "ನಿಮ್ಮ ಕಾನೂನಿನ ಪ್ರಕಾರ ನಾ ಎಲ್ಲಿರಬೇಕಿತ್ರಿ?"

ಅವರು ಹಾಗಲ್ಲ ಹಾಗಲ್ಲ ಎಂದರು. ಹೇಗೆ ಎಂದು ಹೇಳಲಿಲ್ಲ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಉಂಡೆ. ಎದ್ದು ಹೋಗಲಿ ಎಂದು ಯಾರಾದರೂ ಕಾದಿದ್ದರೆ, ಅವರು ಕಾಯಲಿ.

ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಆ ಐದು ವರ್ಷದ ಕೊನೆಯ ಎರಡು ಚಳಿಗಾಲ ಅದು ಕೈಕೊಟ್ಟಿತು. ಎರಡನೆಯ ಎಣಿಕೆಗೆ ನಾವು ಗುಡ್ಡ ಹತ್ತಿದಾಗ ಎಲೆ ಚಿಗುರಿ ಬಲಿತಿದ್ದ ಕಾಲ. ಸತ್ತವು ದೂರದಿಂದಲೇ ಬೂದಿ ಬಣ್ಣದಲ್ಲಿ ಕಾಣುತ್ತಿದ್ದವು. ಷರತ್ತಿನಂತೆ ನಾನು ಟೇಪು ಹಿಡಿದೆ. ಮೇಡಂ ಚಾಕುವಿನಿಂದ ತೊಗಟೆ ಕೆರೆದು ನಂಬರು ಓದಿ "ಇದೆ", "ಇಲ್ಲ" ಎನ್ನುತ್ತಾ ಹೋದರು. ಗೌಡರು ಹ್ಯಾಟು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಬಂದರು. ಪ್ರತಿ ಕೆಂಪು ವೈರಿನ ಹತ್ತಿರ ಮೇಡಂ ಬಾಯಿ ತೆರೆಯುವ ಮೊದಲೇ ನಾನು ಬಗ್ಗಿ ತೊಗಟೆ ನೋಡುತ್ತಿದ್ದೆ. ಆಸೆ ಸಾಕು ಎಂದು ಮೇಡಂ ಹೇಳಿದ್ದು ಸುಳ್ಳಲ್ಲ. ಚಾಕು ನನ್ನ ಕೈಯಲ್ಲಿದ್ದಿದ್ದರೆ ಏನು ಬರೆಸುತ್ತಿದ್ದೆನೋ ದೇವರೇ ಬಲ್ಲ.

ನನ್ನ ಕೆಂಪು ವೈರಿನವು ಬಹುಪಾಲು ಬದುಕಿದ್ದವು. ಸೊಟ್ಟ, ವಾಲಿದ, ಕವಲಿನ ಮರಗಳು! ಅವು ಬೆಳಕು ಇದ್ದ ಕಡೆಗೆ ಬಾಗಿದ್ದಕ್ಕೇ ಸೊಟ್ಟಗಾಗಿದ್ದವು. ಬಾಗಿದ್ದಕ್ಕೇ ಉಳಿದಿದ್ದವು. ಗೌಡರ ಸಣ್ಣವುಗಳಲ್ಲಿ ಕೆಲವು ಸತ್ತಿದ್ದವು. ಉಳಿದವು ಹಳೆಯ ದೊಡ್ಡ ಬುಡದಿಂದ ಚಿಗುರಿದ ಕಾಂಡಗಳು, ಪಕ್ಕದ ದೊಡ್ಡಣ್ಣನ ಬೇರನ್ನೇ ಉಣ್ಣುತ್ತಾ ಹಾಯಾಗಿದ್ದವು. ಸತ್ತವುಗಳಲ್ಲಿ ಬಹಳಷ್ಟು ವೈರೇ ಇಲ್ಲದವು. ನಾನು ಸಾಗುವಾನಿ ತೋಟದಲ್ಲಿ ಕೈಮುಗಿದು ಉಳಿಸುತ್ತಿದ್ದಂಥ ನೆಟ್ಟನೆಯ, ತೆಳ್ಳನೆಯ, ಗುಂಪಿನ ನಡುವಿನ ಮರಗಳು.

"ಲೆಕ್ಕದಾಗ ನಾ ಗೆದ್ದೆ," ಎಂದರು ಗೌಡರು, ಸಂಜೆ ಟ್ರಕ್ಕಿನ ಹಿಂಬದಿಯಲ್ಲಿ ಕೂತು. "ಆದರ ಕುರುಡ ಬಡಿಗಿ ಬೀಸಿ ಹಾವು ಹೊಡದಂಗ ಆತು."

"ನನ್ನ ಬಡಿಗಿ ಹಾವಿಗೆ ತಾಗಲೇ ಇಲ್ಲ," ಅಂದೆ.

ಬರಗಾಲದ ಸಾವೋ ಪೈಪೋಟಿಯ ಸಾವೋ ಎಂದು ಮೇಡಂಗೆ ಅನುಮಾನವಿತ್ತು. ವಿರಳವಾಗಿದ್ದ ಬೇರೆ ತುಂಡುಗಳನ್ನು ಎಣಿಸಿದ ಮೇಲೆ ತಿಳಿಯಿತು. ಅದೇ ಬರದಲ್ಲಿ ಅಲ್ಲಿ ಸತ್ತವು ತೀರಾ ಕಡಿಮೆ. ದಟ್ಟ ಗುಂಪಿನ ಚುಕ್ಕೆ ಹಾಳೆಯ ಮೇಲೆ ಒಂದಿಷ್ಟು ಬಲಕ್ಕೆ ಸರಿದು ಕೆಳಗೆ ಇಳಿದಿತ್ತು. ಗೆರೆಯ ಮೇಲೆ ಕೂರಲಿಲ್ಲ, ಗೆರೆಯ ಮಗ್ಗುಲಲ್ಲೇ ಇಳಿದಿತ್ತು. ಮೇಡಂ ಹಿಗ್ಗಿದರು. ನಾನೂ ಹಿಗ್ಗಿದೆ ಎಂದರೆ ಜನ ನಂಬುವುದಿಲ್ಲ, ಪಂತ ಸೋತವನಲ್ಲವೇ. ಆದರೆ ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಎಷ್ಟು ಸಾಯುತ್ತವೆ ಎಂದು ಮೇಡಂ ಮೊದಲೇ ಹೇಳಬಲ್ಲರು. ಯಾವುದು ಎಂದು ನಾನೂ ಹೇಳಲಾರೆ, ಗೌಡರೂ ಹೇಳಲಾರರು. ಯಾವ ಸಾಹೇಬನಾದರೂ ಬಂದು ಹೇಳುತ್ತೇನೆ ಎಂದರೆ ಇನ್ನು ನಾನು ತಲೆ ಅಲ್ಲಾಡಿಸುವುದಿಲ್ಲ.

ಆದರೆ ಪಂತ ಪಂತವೇ. ಮುಂದಿನ ವಾರ ಗೌಡರು ಗರಗಸ ತಂದರು.

"ಯಾವುದು ಸಾಯ್ತೈತಿ ಅಂತ ನಿಮಗ ಇನ್ನೂ ಗೊತ್ತಾಗಿಲ್ಲ," ಎಂದು ಅಡ್ಡ ನಿಂತೆ.

"ಗೊತ್ತಾಗೂದು ಬ್ಯಾಡ ನನಗ. ನನಗ ಬೇಕಾಗಿದ್ದು ಹುಲ್ಲು. ಮೊದಲಿಂದ ಅದನ್ನ ಹೇಳೇನಿ, ನೀನ ನನ್ನ ಜೂಜಿಗೆ ಹಚ್ಚಿದಿ."

ಅದು ನಿಜ. ಅವರು ಹುಲ್ಲು ಎಂದೇ ಹೇಳಿದ್ದರು. ಮೇಡಂ ಸದ್ದಿಲ್ಲದೆ ತಮ್ಮ ಹಗ್ಗ ಸುತ್ತಿಕೊಳ್ಳತೊಡಗಿದರು. ಎರಡು ಎಣಿಕೆ ಸಿಕ್ಕಿತಲ್ಲ, ಸಾಕು ಎಂಬಂತೆ. ನನಗೆ ಸಾಕಾಗಿರಲಿಲ್ಲ. ಒಂದೇ ಹೆಜ್ಜೆ ಇಟ್ಟ ಚುಕ್ಕೆ ಮುಂದೆ ಎತ್ತ ಹೋಗುತ್ತದೆ ಎಂದು ನೋಡದೆ ನಾನು ಬಿಡುವವನಲ್ಲ. ಮೇಡಂ ಕೈಯಿಂದ ಹಗ್ಗ ಕಸಿದುಕೊಂಡೆ. ಅದಕ್ಕೆ ಆಮೇಲೆ ಕ್ಷಮೆಯನ್ನೂ ಕೇಳಲಿಲ್ಲ. ಗುಂಪಿನ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದು ಕಟ್ಟಿದೆ.

"ಕೆಳಗಿನ ಅರ್ಧ ನಿಮ್ಮ ದನಕ್ಕ," ಅಂದೆ. "ಮ್ಯಾಲಿನ ಅರ್ಧ ಮುಟ್ಟಬ್ಯಾಡ್ರಿ. ಬೇಲಿ ಕೆಲಸ ಮುಂದೂ ಮಾಡ್ತೀನಿ."

"ಮುಟ್ಟಿದ್ರ?"

"ನಾ ಇಲ್ಲೇ ನಿಂತಿರ್ತೀನಿ."

ಮೇಡಂ ನಾನು ಕಟ್ಟಿದ ಹಗ್ಗದ ಎರಡೂ ಮಗ್ಗುಲು ನೋಡಿ, ಕಡಿದ ಅರ್ಧ ಕಡಿಯದ ಅರ್ಧ ಅಕ್ಕಪಕ್ಕದಲ್ಲಿ ಸಿಕ್ಕರೆ ತಮಗೂ ಬೇಕು ಎಂದರು. ಗೌಡರು ನನ್ನನ್ನೂ ಹಗ್ಗವನ್ನೂ ನೋಡಿ, ನೆಲಕ್ಕೆ ಉಗುಳಿ, ಗರಗಸ ನನ್ನತ್ತ ಚಾಚಿದರು. "ಹಂಗಾರ ಕೆಳಗಿನ ಅರ್ಧ ನೀನ ಕಡಿ. ನನಗ ಬೆನ್ನು ನೋವು."

"ಒಂದೂ ಕಡಿಯಂಗಿಲ್ಲ."

ಅವರೇ ಶುರುಮಾಡಿದರು. ನಾನು ಹಗ್ಗದ ಮೇಲ್ಮಗ್ಗುಲಲ್ಲಿ, ಮರಗಳಿಗೆ ಬೆನ್ನು ಕೊಟ್ಟು ನಿಂತೆ. ಮೊದಲ ಮರಕ್ಕೆ ಗರಗಸ ಇಟ್ಟಾಗ ನೋಡಿದೆ, ಮರ ಬೀಳಬೇಕಾದ ಮಗ್ಗುಲಿಗೆ ಮೊದಲು ಹಾಕುವ ಕಚ್ಚನ್ನು ಮೇಲಿನ ಕಡೆಗೆ ಹಾಕುತ್ತಿದ್ದರು. ಹಾಗೆ ಕೊಯ್ದರೆ ಮರ ನೇರ ನನ್ನ ಮೇಲೆ, ಹಗ್ಗದ ಮೇಲೆ, ಉಳಿದ ಗುಂಪಿನ ಮೇಲೆ ಬೀಳುತ್ತಿತ್ತು.

"ಕೆಳಗ! ಕಚ್ಚು ಕೆಳಗಿನ ಮಗ್ಗಲಿಗೆ ಹಾಕ್ರಿ!" ಎಂದು ಕನ್ನಡದಲ್ಲೇ ಕೂಗಿದೆ. ಇಂಗ್ಲಿಷು ನೆನಪಾಗಲಿಲ್ಲ.

ಅವರು ಗರಗಸ ನಿಲ್ಲಿಸಿದರು. "ಸರದು ನಿಂತ್ರ ಆತಲ್ಲ?"

"ಸರಿಯಂಗಿಲ್ಲ," ಅಂದು ಕೈಯಿಂದ ಕೆಳಗೆ ತೋರಿಸಿದೆ.

ಅವರು ಏನೋ ಗೊಣಗಿ, ಮರ ಸುತ್ತಿ ಇಳಿಜಾರಿನ ಮಗ್ಗುಲಿಗೆ ಹೋಗಿ ಹೊಸ ಕಚ್ಚು ಹಾಕಿದರು. ಮರ ಗುಡ್ಡದ ಕೆಳಗಡೆಗೆ ಬಿತ್ತು. ನಾನು ನಿಂತಲ್ಲೇ ನಿಂತು ಎರಡನೆಯದಕ್ಕೆ ಬೆರಳು ತೋರಿಸಿದೆ. "ಅದಕ್ಕೂ ಹಂಗ."